ಬಿದ್ದರೆ ಖರ್ಚಿಲ್ಲ

ವೃಷಭಾವತಿ ಏರ್‌ವೇಸ್ ಎಂಬ ಹೆಸರು ಕೇಳಿ ಮೂಗು ಮುಚ್ಚಿಕೊಳ್ಳಬೇಡಿ. ಮೋರಿಯಾಗಿ ಹರಿಯುವ ನದಿಯ ಹೆಸರನ್ನು ಹುಡುಕಿ ಇಟ್ಟವನು ಜೆ.ಪಿ. ನಗರದ ವೇಣು, ಅವನ ಕಿವಿಗೆ ಅದು ಇಂಪಾಗಿತ್ತಂತೆ. ಆ ಕಂಪನಿಗೆ ನಿಜವಾದ ವಿಮಾನ ಒಂದೂ ಇರಲಿಲ್ಲ. ಇದ್ದದ್ದು ಹತ್ತಾರು ಜನರ ಮನೆಯ ಕಂಪ್ಯೂಟರುಗಳು, ಅವುಗಳಲ್ಲಿ ವಿಮಾನ ಹಾರಿಸುವ ಆಟ. ಆಟ ಎಂದರೆ ವೇಣುವಿಗೆ ಮೈ ಉರಿಯುತ್ತಿತ್ತು. "ಇದು ಆಟ ಅಲ್ಲ ಗುರು, ಏರ್‌ಲೈನು" ಎನ್ನುತ್ತಿದ್ದ. ಅದಕ್ಕೇ ಇಂಧನದ ದರ, ನಿಲ್ದಾಣದ ಬಾಡಿಗೆ, ಟಿಕೆಟ್ಟಿನ ಆದಾಯ, ಕೊನೆಗೆ ಊಟದ ಪೊಟ್ಟಣದ ಬೆಲೆಯವರೆಗೆ ಎಲ್ಲವನ್ನೂ ಲೆಕ್ಕ ಹಾಕುವ ಪ್ರೋಗ್ರಾಂ ಬರೆದಿದ್ದ. ಪೈಲಟ್ಟಿನ ಖಾತೆ ಸೊನ್ನೆಗಿಂತ ಕೆಳಗಿಳಿದರೆ ಕ್ಯಾಪ್ಟನ್ ಪಟ್ಟ ಹೋಗಿ ಮತ್ತೆ ಟ್ರೇನಿ.

ಕತ್ರಿಗುಪ್ಪೆಯ ಕಲ್ಯಾಣಿ ಆ ಪಟ್ಟಕ್ಕಾಗಿ ಎರಡು ವರ್ಷ ಒದ್ದಾಡಿದ್ದಳು. ಫ್ಯಾಕ್ಟರಿಯಲ್ಲಿ ವಿಆರ್‌ಎಸ್ ತೆಗೆದುಕೊಂಡು, ಬಂದ ಹಣದಲ್ಲಿ ಬಳೆ ಮಾಡಿಸಿಕೊಳ್ಳದೆ ಕಂಪ್ಯೂಟರ್ ಕೊಂಡ ಹೆಂಗಸು ಅವಳು. ಅಷ್ಟು ವರ್ಷದ ನೌಕರಿಯಲ್ಲಿ ಸೂಪರ್‌ವೈಸರ್ ಕುರ್ಚಿ ಅವಳ ಪಕ್ಕದವರಿಗೆಲ್ಲ ಸಿಕ್ಕಿತ್ತು, ಅವಳೊಬ್ಬಳಿಗೆ ಸಿಕ್ಕಿರಲಿಲ್ಲ. ಕ್ಯಾಪ್ಟನ್ ಎಂಬುದು ಅವಳ ಜೀವನದ ಮೊದಲ ಬಡ್ತಿ. ಕಂಪನಿಯ ಹುಡುಗರೆಲ್ಲ ಆಂಟಿ ಎಂದೇ ಕರೆಯುತ್ತಿದ್ದರು, ಅದು ಬೇರೆ ಮಾತು. ಕಂಪನಿಯ ವೆಬ್‌ಸೈಟಿನಲ್ಲಿ ಮಾತ್ರ ಕ್ಯಾಪ್ಟನ್ ಕಲ್ಯಾಣಿ ಎಂದಿತ್ತು. ದಿನಕ್ಕೊಮ್ಮೆ ಅದನ್ನು ತೆರೆದು ನೋಡಿಕೊಳ್ಳುತ್ತಿದ್ದಳು.

ಅವಳಿಗೊಂದು ಅಭ್ಯಾಸ. ಹೊರಡುವ ಮುನ್ನ ಖಾಲಿ ಕೋಣೆಗೆ ಕೇಳುವಂತೆ ಗಟ್ಟಿಯಾಗಿ, "ಎಲ್ರಿಗೂ ನಮಸ್ಕಾರ. ನಾನು ನಿಮ್ಮ ಕ್ಯಾಪ್ಟನ್ ಕಲ್ಯಾಣಿ. ಬೆಲ್ಟು ಹಾಕ್ಕೊಳ್ಳಿ" ಎನ್ನುವಳು. ಅಡುಗೆಮನೆಯಿಂದ ಗಂಡ ಮಾರಯ್ಯ, "ಹಾಕ್ಕೊಂಡೆ ಕಣೆ" ಎನ್ನುವನು.

ಎರಡು ಸಾವಿರದ ಆರರ ಮುಂಗಾರಿನಲ್ಲಿ, ಒಂದು ಶನಿವಾರ ಮಧ್ಯಾಹ್ನ ಅವಳು ಕೊಚ್ಚಿಗೆ ಹೊರಟಳು. ಆಟದೊಳಗಿನ ಹವಾಮಾನ ಇಂಟರ್‌ನೆಟ್ಟಿನಿಂದ ಇದ್ದದ್ದು ಇದ್ದ ಹಾಗೇ ಬರುತ್ತಿತ್ತು. ಕೊಚ್ಚಿಯಲ್ಲಿ ಧೋ ಎಂದು ಮಳೆ. ಇನ್ನೂರು ಅಡಿಗೆ ಇಳಿದರೂ ರನ್‌ವೇ ಕಾಣಲಿಲ್ಲ. ಮೇಲೆತ್ತಿ, ಒಂದು ಸುತ್ತು ಹೊಡೆದು ಮತ್ತೆ ಇಳಿದಳು. ಮತ್ತೆ ಅದೇ ಬೂದಿ ಬಣ್ಣ. ಉಳಿದ ಇಂಧನ ಕೊಯಮತ್ತೂರಿಗೆ ಹೋಗಿ ಇಳಿಯುವುದಕ್ಕೆ ಸರಿಯಾಗಿತ್ತು, ಇನ್ನೊಂದು ಪ್ರಯತ್ನ ಮಾಡಿದರೆ ಅದೂ ಇಲ್ಲ.

ತನ್ನ ಮನೆಯಲ್ಲೇ ಕೂತು ಎಲ್ಲರ ಹಾರಾಟ ನೋಡುತ್ತಿದ್ದ ವೇಣು ಹೆಡ್‌ಫೋನಿನಲ್ಲಿ ಬಂದ. "ಆಂಟಿ, ಇನ್ನೊಂದ್ಸಲ ಟ್ರೈ ಮಾಡಿ. ಕೊಯಮತ್ತೂರಿಗೆ ಹೋದ್ರೆ ಪ್ಯಾಸೆಂಜರ್‌ಗಳಿಗೆ ಬಸ್ಸು, ಊಟ, ರೀಫಂಡು ಅಂತ ನಿಮ್ ಅಕೌಂಟ್ ಮೈನಸ್ ಆಗೋಗತ್ತೆ. ಟ್ರೇನಿ ಆಗ್ಬಿಡ್ತೀರ."

"ಇಲ್ಲೇ ಬಿದ್ರೆ?"

"ಬಿದ್ರೆ ಏನಾಗತ್ತೆ? ಮೊದ್ಲೇ ಸೇವ್ ಮಾಡಿರೋ ಕಡೆಯಿಂದ ಮತ್ತೆ ಶುರು ಮಾಡಿ. ಎಲ್ರೂ ಮಾಡೋದು ಅದನ್ನೇ. ಕ್ರ್ಯಾಶ್‌ಗೆ ಚಾರ್ಜ್ ಇಲ್ಲ ಆಂಟಿ."

ಕಲ್ಯಾಣಿಗೆ ಸಿಟ್ಟು ನೆತ್ತಿಗೇರಿತು. ಊಟದ ಪೊಟ್ಟಣಕ್ಕೂ ಬೆಲೆ ಕಟ್ಟಿದ ಈ ಮಹಾನುಭಾವನ ಲೆಕ್ಕದಲ್ಲಿ ಜನರನ್ನು ಕೊಂದರೆ ಪುಕ್ಕಟೆ, ಉಳಿಸಿದರೆ ದಂಡ!

"ಹಿಂದ್ಗಡೆ ಅರವತ್ತು ಜನ ಕೂತಿದಾರೆ ವೇಣು."

"ಯಾರೂ ಇಲ್ಲ ಆಂಟಿ! ಎಲ್ಲಾ ಸುಳ್ಳು!"

"ಅವ್ರು ಸುಳ್ಳಾದ್ರೆ ಅವ್ರು ಕೊಟ್ಟ ದುಡ್ಡೂ ಸುಳ್ಳೇ. ಅದನ್ಯಾಕಪ್ಪಾ ಎಣಿಸ್ತಾ ಕೂತಿದ್ದೀಯ?"

ಅವಳು ವಿಮಾನವನ್ನು ಕೊಯಮತ್ತೂರಿನತ್ತ ತಿರುಗಿಸಿದಳು. ಪಟ್ಟ ಕೈಬಿಟ್ಟು ಹೋಗುತ್ತಿದೆಯೆಂದು ಅಳು ಬಂತು. ಆದರೂ ಎಂದಿನಂತೆ ಗಟ್ಟಿಯಾಗಿ, "ಕೊಚ್ಚೀಲಿ ಇಳಿಯೋಕಾಗ್ತಿಲ್ಲ. ಕೊಯಮತ್ತೂರಿಂದ ಬಸ್ಸು ಮಾಡಿಸ್ತೀವಿ, ಬೈಕೋಬೇಡಿ" ಎಂದು ಖಾಲಿ ಕೋಣೆಗೆ ಹೇಳಿದಳು. ಸಂಜೆಯೊಳಗೆ ಅವಳು ಟ್ರೇನಿಯಾಗಿದ್ದಳು.

ಮರುದಿನ ಜಯನಗರ ನಾಲ್ಕನೇ ಬ್ಲಾಕಿನ ಹೋಟೆಲಿನಲ್ಲಿ ಎಲ್ಲರೂ ದೋಸೆಗೆ ಸೇರಿದಾಗ ವೇಣು ಮೆತ್ತಗೆ ಹೇಳಿದ: "ನಿನ್ನೆ ಫ್ಲೈಟಿನ ರಿಪೋರ್ಟ್ ಅಳಿಸಿಬಿಡ್ತೀನಿ ಆಂಟಿ. ಇನ್ನೊಂದ್ಸಲ ಹಾರಿಸಿ. ಕ್ಯಾಪ್ಟನ್ ಆಗೇ ಇರ್ತೀರ."

ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಲ್ಯಾಣಿ ಕಾಫಿ ಲೋಟವನ್ನು ಕೆಳಗಿಟ್ಟಳು.

"ಅಳಿಸ್ಬೇಡ. ನಾನು ಇಳಿದಿದ್ದು ಕೊಯಮತ್ತೂರಲ್ಲೇ. ನಿಂಗೆ ಅಷ್ಟು ಲೆಕ್ಕ ಬೇಕಿದ್ರೆ ಕ್ರ್ಯಾಶ್‌ಗೂ ಚಾರ್ಜ್ ಹಾಕು."

"ಹಾಕಿದ್ರೆ ನಮ್ಮಲ್ಲಿ ಒಬ್ನೂ ಕ್ಯಾಪ್ಟನ್ ಉಳಿಯಲ್ಲ ಆಂಟಿ!"

"ಹಂಗಾದ್ರೆ ಈಗ್ಲೂ ಯಾರೂ ಇಲ್ಲ."

ಹುಡುಗರೆಲ್ಲ ತಲೆ ತಗ್ಗಿಸಿ ದೋಸೆ ಮುರಿಯುತ್ತ ಕೂತರು. ಅವಳು ತನ್ನ ದೋಸೆಯನ್ನು ಪೂರ್ತಿ ತಿಂದೇ ಎದ್ದಳು.

ಮನೆಗೆ ಬಂದು ವೆಬ್‌ಸೈಟ್ ತೆರೆದಳು. ಟ್ರೇನಿ ಕಲ್ಯಾಣಿ ಎಂದಿತ್ತು. ನೋಡಿ, ಮುಚ್ಚಿ, ಮತ್ತೆ ಕೊಚ್ಚಿಗೇ ಹೊರಡಲು ಅಣಿಯಾದಳು. ಈ ಸಲ ಇಂಧನ ಜಾಸ್ತಿಯೇ ತುಂಬಿದಳು. ಭಾರ ಹೆಚ್ಚಾಯಿತು, ಲಾಭವಿಲ್ಲ ಎಂದು ವೇಣುವಿನ ಪ್ರೋಗ್ರಾಂ ಕೆಂಪಕ್ಷರದಲ್ಲಿ ಬೊಬ್ಬೆ ಹೊಡೆಯಿತು. ಹೊಡೆದುಕೊಳ್ಳಲಿ ಎಂದು ಬಿಟ್ಟಳು.

"ಎಲ್ರಿಗೂ ನಮಸ್ಕಾರ. ನಾನು ನಿಮ್ಮ ಕ್ಯಾಪ್ಟನ್ ಕಲ್ಯಾಣಿ. ಬೆಲ್ಟು ಹಾಕ್ಕೊಳ್ಳಿ."

"ಹಾಕ್ಕೊಂಡೆ ಕಣೆ" ಎಂದ ಮಾರಯ್ಯ.

"ಕೊಚ್ಚೀಲಿ ಇನ್ನೂ ಮಳೆ ಇದೆ. ರನ್‌ವೇ ಕಂಡ್ರೆ ಇಳಿಸ್ತೀನಿ, ಕಾಣದಿದ್ರೆ ಇಳಿಸಲ್ಲ. ನಷ್ಟ ನಂದು."