ವಾಡೆಯ ಮುಂದಿನ ಚಪ್ಪಲಿ

ಕೆಂಪು ಚುಕ್ಕೆ ಮತ್ತೆ ಮಿಣುಕಿತು, ಮ್ಯಾನೇಜರ್ ಗ್ಲೆನ್‌ನ ಗಾಜಿನ ಕೋಣೆಯ ಬಾಗಿಲ ಮೇಲಿನ ಕ್ಯಾಮೆರಾದ ಚುಕ್ಕೆ, ನನ್ನನ್ನು ನೋಡಿತೋ ಸುಮ್ಮನೆ ಮಿಣುಕಿತೋ — ವೇದಾ, ಒಂದು ನಿಮಿಷ ಬಂದು ಹೋಗು ಎಂದು ಫೋನಿನಲ್ಲಿ ಗ್ಲೆನ್ ಅಷ್ಟು ಮೆತ್ತಗೆ ಕರೆದ, ಮೆತ್ತಗೆ ಕರೆದರೇ ಭಯ, ಬೈದರೆ ಅಲ್ಲಿಗೆ ಮುಗಿಯುತ್ತದೆ. ಎದ್ದಿದ್ದೇನೆ, ನಡೆಯುತ್ತಿದ್ದೇನೆ, ಕಿಟಕಿಯಾಚೆ ಡಾಕ್‌ಲ್ಯಾಂಡ್ಸಿನ ಟ್ರಾಮ್ ಗಂಟೆ ಹೊಡೆಯುತ್ತಿದೆ, ಇಲ್ಲಿ ಯಾರೂ ತಲೆಯೆತ್ತುವುದಿಲ್ಲ, ಕೀಬೋರ್ಡ್ ನಿಂತರೆ ಗ್ಲೆನ್‌ನ ಪರದೆಯಲ್ಲಿ ಹೆಸರು ಹಳದಿಯಾಗುತ್ತದೆ, ನನ್ನದು ಈಗ ಹಳದಿಯಾಗಿರಬೇಕು. ಇದೇ ಬಾಗಿಲು, ಎರಡು ವರ್ಷದ ಹಿಂದೆ, ೨೦೦೬ರಲ್ಲಿ, ಕೆಲಸಕ್ಕೆ ಸೇರಿದ ದಿನ ಇಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗಿದ್ದೆ, ಯಾರೂ ಹೇಳಿರಲಿಲ್ಲ, ಕಾಲು ತಾನೇ ಬಿಟ್ಟಿತ್ತು, ಗ್ಲೆನ್ ನಕ್ಕಿದ್ದ, ಇದೇನು ದೇವಸ್ಥಾನವೇ, ನಾನೂ ನಕ್ಕಿದ್ದೆ, ಮನೆಗೆ ಹೋಗಿ ಅತ್ತಿದ್ದೆ, ನೆನಪಾದವಳು ಅಜ್ಜಿ ಶಿವಲಿಂಗವ್ವ, ಊರಿನ ಒಡೆಯರಾದ ದೇಸಾಯರ ವಾಡೆ ದಾಟುವ ತನಕ ಚಪ್ಪಲಿಯನ್ನು ಕಂಕುಳಲ್ಲಿ ಅವುಚಿಕೊಂಡು ನಡೆಯುತ್ತಿದ್ದವಳು, ಸುಡುವ ನೆಲ, ಮೇಲೆ ಜಾಲಂದರದ ಕಿಂಡಿಗಳ ಹಿಂದೆ ದೇಸಾಯರು ಇದ್ದಾರೋ ಇಲ್ಲವೋ ಕೆಳಗಿನವರಿಗೆ ಕಾಣದು, ಇರ್ತಾರ ಅಂತ ತಿಳಕೊಂಡ ನಡೀಬೇಕವ್ವಾ, ಎನ್ನುತ್ತಿದ್ದಳು. ಜಾಲಂದರ, ಕ್ಯಾಮೆರಾ. ಕೆಲಸದ ಜೊತೆಗೆ ಸೇರಿಕೊಂಡ ಸಂಜೆಯ ಕಲಾ ಕೋರ್ಸಿಗೆಂದು ನಾನು ಮಾಡಿದ ಸಂಶೋಧನೆಯೆಲ್ಲ ಇಷ್ಟೇ.

ಓದಿ ಬರೆದು ಸುಮ್ಮನಿರಬಹುದಿತ್ತು, ಇರಲಾರದೆ ಇರುವೆ ಬಿಟ್ಟುಕೊಂಡೆ — ನಾನು ಚಪ್ಪಲಿ ಬಿಟ್ಟ ಆ ದಿನದ ಕ್ಯಾಮೆರಾ ಚಿತ್ರ ಬೇಕು ಎಂದೆ, ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವ ಇಂದ್ರೇಶ್ ಅದನ್ನು ಅಳಿಸದೆ ಇಟ್ಟಿದ್ದ, ಕೊಟ್ಟ, ನನ್ ಹೆಸ್ರು ಮಾತ್ರ ಎಲ್ಲೂ ಬರಬಾರ್ದು ಕಣೇ, ಇಲ್ಲೇ ಉಳಿಯೋಕೆ ನನ್ ಪಿಆರ್ ಇನ್ನೂ ಬಂದಿಲ್ಲ, ಪ್ರಾಮಿಸ್ ಮಾಡು. ಮಾಡಿದೆ. ಕಳೆದ ವಾರ ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲಿ, ಮಿಠಾಯಿ ಅಂಗಡಿಯ ಮೇಲಿನ ಪುಟ್ಟ ಗ್ಯಾಲರಿಯಲ್ಲಿ, ಗೋಡೆಯ ತುಂಬ ಆ ಚಿತ್ರ ಓಡುತ್ತಿತ್ತು, ನಾನು ಚಪ್ಪಲಿ ಬಿಡುತ್ತಿದ್ದೆ, ಮತ್ತೆ ಬಿಡುತ್ತಿದ್ದೆ, ಮತ್ತೆ, ಜೊತೆಗೆ ರೆಕಾರ್ಡ್ ಮಾಡಿಟ್ಟ ಅಜ್ಜಿಯ ಧ್ವನಿ, ಜಿಲೇಬಿಯ ವಾಸನೆ, ನೋಡಿದವರಲ್ಲಿ ಒಬ್ಬರು ನಮ್ಮ ಹೆಡ್ ಆಫೀಸಿನವರಂತೆ, ನನಗೇನು ಗೊತ್ತು. ವೀಸಾ ಈ ಕಂಪನಿಯದು, ಕೆಲಸ ಹೋದರೆ ದೇಶವೇ ಹೋಯಿತು, ಇಂದ್ರೇಶನ ಹೆಸರು ಹೇಳಿದರೆ ನಾನು ಉಳಿಯಬಹುದು, ಛೀ, ಏನು ಯೋಚಿಸುತ್ತಿದ್ದೇನೆ — ಬಾಗಿಲು ಬಂದೇಬಿಟ್ಟಿತು. ಗ್ಲೆನ್ ಮುಗುಳ್ನಗುತ್ತಿದ್ದಾನೆ, ನಿನ್ನ ಪ್ರದರ್ಶನ ತುಂಬ ಚೆನ್ನಾಗಿದೆಯಂತೆ ವೇದಾ, ನಿನ್ನ ಮೇಲೆ ಸಿಟ್ಟಿಲ್ಲ, ಚಿತ್ರ ಕೊಟ್ಟವರು ಯಾರು, ಅಷ್ಟು ಹೇಳು ಸಾಕು. ಗಾಜಿನಾಚೆ ಇಂದ್ರೇಶನ ಬೆನ್ನು, ತಿರುಗುವುದಿಲ್ಲ. ಅಜ್ಜಿ ಒಂದು ದಿನ ಚಪ್ಪಲಿ ಮೆಟ್ಟಿಕೊಂಡೇ ವಾಡೆ ದಾಟಿದಳಂತೆ, ಚಟ್ ಚಟ್, ಯಾರ ಕಲಿಸ್ಯಾರ ನಿನಗ ಇದನ್ನ, ಜಾಲಂದರದಿಂದ ದನಿ, ಬಾಯಿ ಬಿಡದೆ ನಡೆದಳಂತೆ, ಹೆದರಿಕಿ ಬರಲಿಲ್ಲೇನಬೇ ಎಂದು ನಾನು ಕೇಳಿದ್ದೆ, ಬಂತಲ್ಲ, ಸೀರಿ ಒಳಗ ಕಾಲು ಗಡಗಡ ನಡಗತಿದ್ವು. ಗ್ಲೆನ್ ಕಾಯುತ್ತಿದ್ದಾನೆ, ಕೆಳಗೆ ನೋಡುತ್ತೇನೆ — ಬಲಗಾಲು ಆಗಲೇ ಚಪ್ಪಲಿಯಿಂದ ಅರ್ಧ ಹೊರಬಂದಿದೆ, ನನ್ನನ್ನು ಕೇಳದೆ — ಕಾಲ್ಬೆರಳಿನಿಂದ ತಡಕಿ ಒಳಕ್ಕೆ ತೂರಿಸುತ್ತೇನೆ, ಮೇಲೆ ಕೆಂಪು ಚುಕ್ಕೆ, ಯಾರು ವೇದಾ, ಬಾಯಿ ಬಿಡುವುದಿಲ್ಲ, ಚಪ್ಪಲಿ, ಯಾರು, ಕಾಲು ನಡುಗುತ್ತಿದೆ, ಚಪ್ಪಲಿ ಕಾಲಲ್ಲೇ ಇದೆ