ಹನ್ನೆರಡನೇ ಜೋಡಿ

“ಆ ಚಪ್ಲಿ ನಾನ್ ಹಾಕ್ಕಂಡದ್ದಲ್ಲ, ಡಾಕ್ಟ್ರೆ.”

ವೇದಿಕೆಯ ಹಿಂದಿನ ಸಣ್ಣ ಕೋಣೆಯಲ್ಲಿ ಸೆರಗಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದ ಉಮಾವತಿ ತಲೆಯೆತ್ತಿದಳು. ಬಾಗಿಲಲ್ಲಿ ಸೀತು ನಿಂತಿದ್ದಳು. ಮೀನಿನ ಬುಟ್ಟಿಯಿಲ್ಲದ ಸೀತುವನ್ನು ಉಮಾವತಿ ನೋಡಿದ್ದೇ ಕಡಿಮೆ. ಇವತ್ತು ಅಬ್ಬಲಿಗೆ ಮುಡಿದು, ಇಸ್ತ್ರಿ ಹಾಕಿದ ಸೀರೆ ಉಟ್ಟು ಬಂದಿದ್ದಳು.

“ಯಾವ ಚಪ್ಲಿ, ಸೀತಕ್ಕ?”

“ಅದೇ, ಬ್ಯಾನರಂಗೆ ಇಪ್ಪುದ್.”

ವೇದಿಕೆಗೆ ಕಟ್ಟಿದ ಬ್ಯಾನರಿನಲ್ಲಿ ಉಮಾವತಿಯ ಮುಖದ ಪಕ್ಕ ಸವೆದ ಅಟ್ಟೆಯೊಂದರ ಚಿತ್ರವಿತ್ತು. ತಲೆಹೊರೆ ಹೊತ್ತು ಮೀನು ಮಾರುವ ಹೆಂಗಸರ ಪಾದಗಳ ಮೇಲೆ ಆರು ವರ್ಷ ಅಧ್ಯಯನ ಮಾಡಿ, ಹೆಬ್ಬೆರಳ ಬುಡಕ್ಕೆ ಬೀಳುವ ಭಾರವನ್ನು ಹಿಮ್ಮಡಿಯ ಕಡೆಗೆ ಹಂಚುವ ಚಪ್ಪಲಿಯನ್ನು ಅವಳು ರೂಪಿಸಿದ್ದಳು. ಆ ವರ್ಷ, ೨೦೧೨ರಲ್ಲಿ, ಅದಕ್ಕೆ ದೆಹಲಿಯಲ್ಲಿ ಪ್ರಶಸ್ತಿ ಬಂತು. ನಮ್ಮ ಗುಲ್ವಾಡಿಯ ಹುಡುಗಿ ಎಂದು ಕುಂದಾಪುರದವರು ಸನ್ಮಾನ ಇಟ್ಟುಕೊಂಡಿದ್ದರು.

ಚಪ್ಪಲಿ ಹಾಕಿ ನಡೆದು ನೋಡಲು ಒಪ್ಪಿದ್ದ ಹನ್ನೆರಡು ಹೆಂಗಸರಲ್ಲಿ ಸೀತು ಕೊನೆಯವಳು. ಗಂಗೊಳ್ಳಿಯಲ್ಲಿ ಮೀನು ಕೊಂಡು, ಬಸ್ಸಿಳಿದು, ಗುಲ್ವಾಡಿಯ ಮನೆಮನೆಗೆ ಹೊತ್ತು ಮಾರುತ್ತಿದ್ದಳು. ಎಂಟು ತಿಂಗಳು, ಹದಿನೈದು ದಿನಕ್ಕೊಮ್ಮೆ, ಚಪ್ಪಲಿ ತಂದು ಅಳತೆ ಕೊಟ್ಟು ಹೋಗುತ್ತಿದ್ದಳು. ಉಮಾವತಿ ಅಂದುಕೊಂಡಂತೆಯೇ ಸವೆದದ್ದು ಅವಳ ಜೋಡಿ. ಸಂಶೋಧನಾ ಲೇಖನದಲ್ಲಿ ಅಚ್ಚಾದ ಚಿತ್ರವೂ ಅದೇ.

“ನೀವಲ್ಲದಿರೆ ಮತ್ಯಾರ್ ಹಾಕ್ಕಂಡದ್?”

“ನಮ್ಮನಿಯವ್ರ್.” ಸೀತು ನೆಲ ನೋಡಿದಳು. “ಸಕ್ರಿ ಕಾಯ್ಲಿಯಂಗೆ ಅವ್ರ ಕಾಲಡಿ ಹುಣ್ಣಾಯಿತ್ತ್. ಎಷ್ಟ್ ಮದ್ದ್ ಹಾಕ್ರೂ ಒಣ್ಗಲಿಲ್ಲ. ಇನ್ ಬೆರಳ್ ತೆಗೀಕಾತ್ತೇನೋ ಅಂದಿದ್ರ್ ಆಸ್ಪತ್ರಿಯಂಗೆ. ನಿಮ್ಮ್ ಚಪ್ಲಿ ಮೆತ್ತಗಿತ್ತಲೆ, ಒಂದಿನ ಹಾಕ್ಕಂಡ್ ಕಾಣಿ ಅಂದೆ. ಮದ್ದ್ ಅದೇ, ಚಪ್ಲಿ ಮಾತ್ರ ಬೇರೆ. ಎರಡ್ ತಿಂಗ್ಳಂಗೆ ಹುಣ್ಣ್ ಮಾಯ್ತಾ ಬಂತ್.”

ಉಮಾವತಿ ಪಿನ್ನು ಕೆಳಗಿಟ್ಟು ಕುರ್ಚಿಯಲ್ಲಿ ಕೂತಳು. ಹೊರೆ ಹೊತ್ತ ಹೆಂಗಸಿನ ಹೆಜ್ಜೆಯೆಂದು ತಾನು ಊರೂರಿನಲ್ಲಿ ತೋರಿಸಿದ್ದು ಹುಣ್ಣಿನ ಕಾಲೆಳೆಯುತ್ತ ಅಂಗಳದಲ್ಲಿ ಓಡಾಡಿದ ಗಂಡಸಿನ ಹೆಜ್ಜೆ. ಮಿಕ್ಕ ಹನ್ನೊಂದು ಜೋಡಿಗಳ ಅಳತೆಗೆ ಬಾಧೆಯಿಲ್ಲ. ಆದರೆ ಇದು?

“ನಾನ್ ಎಷ್ಟ್ ಸಲ ಕೇಂಡಿದೆ, ದಿನಾ ಹಾಕ್ಕಂತ್ರಿಯಾ ಅಂದೇಳಿ!” ಅವಳ ಸ್ವರ ಗಡುಸಾಯಿತು. “ಎಂತಕ್ ಹೇಳ್ಲಿಲ್ಲ?”

“ಹೇಳಿರೆ ವಾಪಸ್ ತಕಂತ್ರಿ ಅಂದೇಳಿ ಹೆದ್ರಿಕೆ. ಇವತ್ತ್ ಆ ಚಿತ್ರ ಕಂಡ್ ಕೂಕಂಬುಕೆ ಆಯ್ಲಿಲ್ಲ.”

ಉಮಾವತಿಯ ಕಣ್ಣು ಸೀತುವಿನ ಕಾಲಿಗೆ ಇಳಿಯಿತು. ಅಗಲವಾದ ಪಾದ, ಹಿಮ್ಮಡಿಯ ಬಿರುಕುಗಳಲ್ಲಿ ಹಳೆಯ ಕಪ್ಪು.

“ಎಂಟ್ ತಿಂಗ್ಳೂ ನೀವ್ ಬರಿಗಾಲಂಗೆ ಮೀನ್ ಹೊತ್ರಿಯಾ?”

“ನಂಗೆ ಅಭ್ಯಾಸ ಇತ್ತಲೆ.”

ಸನ್ಮಾನ ಇಟ್ಟುಕೊಂಡ ಸಂಘದ ಕಾರ್ಯದರ್ಶಿ ಪ್ರೇಮಾನಂದರು ಇಣುಕಿ, “ಬನ್ನಿ ಮೇಡಂ, ಅತಿಥಿಗಳೆಲ್ಲ ಬಂದ್ರು” ಎಂದರು. ಉಮಾವತಿ ಎದ್ದು ಬಾಗಿಲ ಬಳಿ ನಿಂತು, “ನಿಮ್ಮನಿಯವ್ರ್, ಬಚ್ಚಣ್ಣ, ಎಲ್ಲಿದ್ರ್?” ಎಂದು ಸೀತುವನ್ನು ಕೇಳಿದಳು.

“ಹೊರ್ಗೆ. ಒಳ್ಗೆ ಬಪ್ಪುಕೆ ನಾಚ್ಕಿ ಅಂಬ್ರ್.”

ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಉಮಾವತಿ ಮೈಕಿನ ಮುಂದೆ ಬಂದಾಗ ಅವಳ ಕೈಯಲ್ಲಿ ಬರೆದುಕೊಂಡು ಬಂದಿದ್ದ ಹಾಳೆ ಇರಲಿಲ್ಲ.

“ಈ ಬ್ಯಾನರಿನಲ್ಲಿರುವ ಚಪ್ಪಲಿಯ ಬಗ್ಗೆ ನಾನು ಬರೆದದ್ದು ತಪ್ಪು” ಎಂದಳು. “ಅದನ್ನು ಹಾಕಿ ನಡೆದವರು ಬೇರೆ. ತಪ್ಪು ಅವರದ್ದಲ್ಲ. ನಾನು ಚಪ್ಪಲಿ ತರಿಸಿಕೊಂಡು ಅಳೆದೆ, ಅದನ್ನು ಮೆಟ್ಟಿದವರ ಮನೆಗೆ ಒಂದು ದಿನವೂ ಹೋಗಲಿಲ್ಲ. ಲೇಖನ ತಿದ್ದಲು ನಾಳೆಯೇ ಬರೆಯುತ್ತೇನೆ. ಪ್ರಶಸ್ತಿ ಕೊಟ್ಟವರಿಗೂ ತಿಳಿಸುತ್ತೇನೆ. ಅವರು ವಾಪಸ್ಸು ಕೇಳಿದರೆ ಕೊಡುತ್ತೇನೆ.”

ಹಿಂದಿನ ಸಾಲಿನಲ್ಲಿ ಸೀತು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಸಭೆ ಮುಗಿದು ಜನ ಉಪ್ಪಿಟ್ಟಿನ ಕಡೆ ಹೊರಟಾಗ ಉಮಾವತಿ ಅಂಗಳಕ್ಕೆ ಇಳಿದಳು. ಕಟ್ಟೆಯ ಮೇಲೆ ಕೂತಿದ್ದ ಬಚ್ಚ ಅವಳನ್ನು ಕಂಡು ಗಡಬಡಿಸಿ ಏಳಹೋದ.

“ಕೂಕಣಿ ಬಚ್ಚಣ್ಣ. ಕಾಲ್ ಕಾಂಬ.”

“ಬ್ಯಾಡ ಡಾಕ್ಟ್ರೆ, ನೀವ್ ನನ್ ಕಾಲ್ ಮುಟ್ಟುದಾ!”

ಅವಳು ಆಗಲೇ ರೇಷ್ಮೆ ಸೀರೆಯಲ್ಲೇ ಕುಕ್ಕರಗಾಲಿನಲ್ಲಿ ಕೂತು ಅವನ ಪಾದವನ್ನು ಮಡಿಲಿಗೆ ಎಳೆದುಕೊಂಡಿದ್ದಳು. ಹೆಬ್ಬೆರಳ ಬುಡದಲ್ಲಿ ಹೊಸ ಚರ್ಮ ನುಣುಪಾಗಿತ್ತು. ಬೆರಳಿನಿಂದ ಒತ್ತಿ, “ಇಲ್ ಗೊತ್ತಾತ್ತಾ?” ಎಂದಳು.

“ಇಲ್ಲ.”

“ಇಲ್ಲಿ?”

“ಸಮಾ ಗೊತ್ತಾತಿಲ್ಲ.”

“ಇಲ್ಲಿ?”

“ಹಾಂ, ಇಲ್ ಗೊತ್ತಾತ್ತ್.” ಅವನು ನಕ್ಕ. ಪಕ್ಕದಲ್ಲಿ ನಿಂತ ಸೀತುವೂ ನಕ್ಕಳು, ಕಣ್ಣೊರೆಸಿಕೊಂಡಳು.

“ನಾಳೆ ನಿಮ್ಮಲ್ಲಿಗೇ ಬತ್ತೆ. ಇಬ್ರದ್ದೂ ಅಳತಿ ತೆಗೀಕ್. ಎರಡ್ ಜೋಡಿ ಮಾಡ್ವ” ಎಂದಳು ಉಮಾವತಿ. “ಈಗ ನಾಲ್ಕ್ ಹೆಜ್ಜಿ ನಡೀನಿ, ಕಾಂಬ.”

ಧೂಳೇಳದಂತೆ ಅಂಗಳಕ್ಕೆ ನೀರು ಹೊಡೆದಿದ್ದರು. ಬಚ್ಚ ತೆಂಗಿನ ಮರದವರೆಗೆ ಮೆಲ್ಲಗೆ ನಡೆದ. ಸೀತು ಮುಟ್ಟದೆ, ಕೈಯೊಂದನ್ನು ಅವನ ಬೆನ್ನ ಹಿಂದೆ ಹಿಡಿದುಕೊಂಡೇ ನಡೆದಳು. ಶಾಲು ಜಾರಿದ್ದೂ ತಿಳಿಯದೆ ಉಮಾವತಿ ಪ್ರತಿ ಹೆಜ್ಜೆಯ ಗುರುತಿನ ಮುಂದೆ ಬಗ್ಗಿ ನಿಲ್ಲುತ್ತಿದ್ದಳು.

ಅವಳನ್ನು ಚಹಾಕ್ಕೆ ಕರೆಯಲು ಬಂದ ಪ್ರೇಮಾನಂದರು ಮೆಟ್ಟಿಲ ಮೇಲೆಯೇ ನಿಂತರು. ಆಮೇಲೆ ಪಂಚೆ ಎತ್ತಿ ಹಿಡಿದು, ಒದ್ದೆ ಮಣ್ಣಿನ ಆ ಸಾಲನ್ನು ತುಳಿಯದೆ, ಅಂಗಳವನ್ನು ದೊಡ್ಡದಾಗಿ ಬಳಸಿಕೊಂಡು ಬಂದರು.