ತಾರಮಂಗಲದ ಗೊಜ್ಜು

ಮುನಿಸ್ವಾಮಿ ಮೊದಲ ಸಲ ಒಲೆಯ ಮುಂದೆ ಕೂತಾಗ ಧನಲಕ್ಷ್ಮಿಗೆ ಬಂದದ್ದು ನಗು. ಹೊಟ್ಟೆಕಿಚ್ಚು ಬಂದದ್ದು ಆಮೇಲೆ.

ಮದುವೆಯಾದಾಗಿನಿಂದ ಅವನು ಲಾರಿಯವನು. ಸೇಲಂನಲ್ಲಿ ಲೋಡ್ ಹತ್ತಿಸಿಕೊಂಡು ನಾಗಪುರ, ಇಂದೋರ್ ಅಂತ ಹೊರಟರೆ ತಮಿಳುನಾಡಿನ ಕಾರಿಮಂಗಲದ ತನ್ನ ಮನೆಯ ಕಡೆ ಮುಖ ಹಾಕುವುದು ತಿಂಗಳಿಗೊಮ್ಮೆ. ಬಂದವನು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂರುತ್ತಿದ್ದ. ಬಡಿಸಿದ್ದನ್ನು ತಲೆ ತಗ್ಗಿಸಿ ಉಂಡು, ಹಟ್ಟಿಯಲ್ಲಿದ್ದ ಕುರಿಗಳನ್ನೊಮ್ಮೆ ನೋಡಿ ಬಂದು ಮಲಗಿಬಿಡುತ್ತಿದ್ದ. ಚೆನ್ನಾಗಿದೆ ಅನ್ನುತ್ತಿರಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನುತ್ತಿರಲಿಲ್ಲ. ಈ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಲೋಡಿನ ಮೇಲೆ ತಾರ್ಪಾಲು ಕಟ್ಟುತ್ತಿದ್ದವನು ಜಾರಿ ಬಿದ್ದು ಎಡಗಾಲಿನ ಹರಡು ಮುರಿದುಕೊಂಡ. ಕ್ಲಚ್ ತುಳಿಯುವ ಕಾಲು. ಮಳೆಗಾಲ ಕಳೆಯುವ ತನಕ ಲಾರಿ ಹತ್ತಲೇಬಾರದು ಎಂದರು ಡಾಕ್ಟರು.

ಅಷ್ಟರಲ್ಲಿ ಮಾವಿನ ಸೀಸನ್ ಬಂತು. ಊರಾಚೆಯ ಜ್ಯೂಸ್ ಕಂಪನಿಗೆ ಹೆಂಗಸರನ್ನು ಕರೆಯುತ್ತಿದ್ದರು. ಗಂಡ ಮನೆಯಲ್ಲಿ ಕೂತ ಮೇಲೆ ತಾನು ಹೋಗದೆ ವಿಧಿಯಿಲ್ಲ ಎಂದು ಧನಲಕ್ಷ್ಮಿ ಹೆಸರು ಕೊಟ್ಟು ಬಂದಳು. ಅತ್ತೆ ಗಂಗಲಕ್ಷ್ಮಮ್ಮನಿಗೆ ಮಂಡಿನೋವು, ಒಲೆಯ ಮುಂದೆ ಕೂತರೆ ಏಳಲಾಗದು. ಮಗಳು ವಾಣಿಗೆ ಧರ್ಮಪುರಿಯಲ್ಲಿ ಕಾಲೇಜು.

"ಅಡಿಗೆ ನಾನು ನೋಡ್ಕಂತೀನಿ, ನೀನು ಓಗು," ಎಂದ ಮುನಿಸ್ವಾಮಿ.

"ನೀವಾ?" ಎಂದು ಸೆರಗು ಬಾಯಿಗಿಟ್ಟುಕೊಂಡಳು ಧನಲಕ್ಷ್ಮಿ. ಉಪ್ಪಿನ ಡಬ್ಬಿ ಯಾವ ಗೂಡಿನಲ್ಲಿದೆ ಅಂತ ತಿಳಿಯದ ಮನುಷ್ಯ!

ಮೊದಲ ದಿನ ಕೆಲಸದಿಂದ ಬಂದಾಗ ಅವಳಿಗೆ ಹಸಿವಿಗಿಂತ ಕುತೂಹಲವೇ ಹೆಚ್ಚಾಗಿತ್ತು. ಮುದ್ದೆ ಗಂಟುಗಂಟಾಗಿರುತ್ತದೆ, ಸಾರು ನೀರಾಗಿರುತ್ತದೆ, ಅತ್ತೆ ಮುಖ ಕಿವಿಚಿರುತ್ತಾರೆ, ತಾನು ನಾಲ್ಕು ಮಾತು ಆಡಿಸಿ ಆಮೇಲೆ ಒಗ್ಗರಣೆ ಹಾಕಿ ಸರಿಮಾಡಬೇಕು, ಹೀಗೆಲ್ಲ ದಾರಿಯುದ್ದಕ್ಕೂ ಎಣಿಸಿಕೊಂಡು ಬಂದಿದ್ದಳು. ತಟ್ಟೆಗೆ ಬಿದ್ದ ರಾಗಿಮುದ್ದೆ ಮಾತ್ರ ಬೆರಳಿಗೆ ಅಂಟದೆ ನುಣ್ಣಗಿತ್ತು. ಹುರುಳಿಕಾಳಿನ ಸಾರು ಗಂಟಲಲ್ಲಿ ಇಳಿದು ಬೆವರು ಕಿತ್ತು ಬಂತು. ಲಾರಿಯವರು ದಾರಿಯಲ್ಲಿ ಗಾಡಿ ನಿಲ್ಲಿಸಿ ಪಕ್ಕದಲ್ಲೇ ಸ್ಟವ್ ಹಚ್ಚಿ ಬೇಯಿಸಿಕೊಳ್ಳುತ್ತಾರೆ ಅನ್ನುವುದು ಅವಳಿಗೆ ತಿಳಿಯದ ಸಂಗತಿಯಲ್ಲ. ಆದರೆ ಇಷ್ಟು ರುಚಿಯಾಗಿ ಬೇಯಿಸಿಕೊಳ್ಳುತ್ತಾರೆ ಅಂತ ಯಾರು ಹೇಳಿದ್ದರು?

ವಾರ ತುಂಬುವಷ್ಟರಲ್ಲಿ ಅಡುಗೆಮನೆ ಅವನದಾಗಿಹೋಯಿತು. ಬಾಗಿಲ ಹಿಂಬದಿಗೆ ಸೀಮೆಸುಣ್ಣದಲ್ಲಿ ಏಳು ದಿನದ ಅಡುಗೆ ಬರೆದಿಟ್ಟ. ಓದಿದ್ದು ತಮಿಳು ಶಾಲೆಯಲ್ಲಾದ್ದರಿಂದ ಅಕ್ಷರ ತಮಿಳು, ಮಾತು ಕನ್ನಡ. ಸೋಮವಾರ ಮುದ್ದೆ ಹುರುಳಿಸಾರು, ಮಂಗಳವಾರ ಸಾಮೆ ಅನ್ನಕ್ಕೆ ನುಗ್ಗೆಸೊಪ್ಪು, ಬುಧವಾರ 'ಹೊಸದು' ಅಂತ ಅಷ್ಟೇ. ಆ ಹೊಸದನ್ನು ವಾಣಿಯ ಫೋನಿನಲ್ಲಿ ವೀಡಿಯೋ ನೋಡಿ ಆರಿಸುತ್ತಿದ್ದ. ಬೆಂಡೆಕಾಯಿ ಮೊಸರು ಗೊಜ್ಜು, ಸಜ್ಜೆ ದೋಸೆ, ಹೀಗೆ ಕೈಗೆ ಎಟುಕುವಂಥವೇ.

"ಇದೇನ್ರೀ, ಬಾಗಿಲ ಮೇಲೆಲ್ಲ ಗೀಚಿದ್ದೀರಿ?" ಎಂದಳು ಧನಲಕ್ಷ್ಮಿ.

"ಟ್ರಿಪ್ ಇದ್ದಂಗೆ ಕಣಮ್ಮಿ. ನಾಳೆ ಎಲ್ಲಿ ನಿಲ್ಲಬೇಕು ಅಂತ ಇವತ್ತೇ ಗೊತ್ತಿರ್ಬೇಕು. ಇಲ್ದಿದ್ರೆ ಕಾಳು ನೆನೆ ಹಾಕದು ಯಾರು?"

ಇಷ್ಟು ವರ್ಷ ಕಾಳು ನೆನೆಹಾಕಿದವಳು ತಾನು; ಯಾವ ಬಾಗಿಲಿಗೂ ಬರೆಯದೆ ಹಾಕಿದ್ದಳು. ಹಾಗೆ ಹೇಳಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

ನುಂಗಿಕೊಂಡದ್ದು ಒಳಗೆ ಸುಮ್ಮನಿರಲಿಲ್ಲ. ತನ್ನ ಅಡುಗೆಯ ಬಗ್ಗೆ ಒಂದು ದಿನವೂ ಒಳ್ಳೆಯ ಮಾತಾಡದ ಅತ್ತೆ ಜಗಲಿಯಲ್ಲಿ ಕೂತು ಪಕ್ಕದ ಮನೆಯ ಮಂಗಮ್ಮನಿಗೆ, "ನನ್ ಮಗನ ಕೈ ನೋಡವ್ವ, ಅವರಪ್ಪನ ತಾಯಿ ಕೈ ಇದ್ದಂಗೈತೆ," ಅನ್ನುವುದು ಕೇಳಿಸುತ್ತಿತ್ತು. ವಾಣಿ ತಟ್ಟೆಯ ಫೋಟೋ ತೆಗೆದು 'ಅಪ್ಪಾ ಸ್ಪೆಷಲ್' ಅಂತ ಸ್ಟೇಟಸ್ ಹಾಕುತ್ತಿದ್ದಳು. ಅಮ್ಮ ಮಾಡಿದ ಯಾವ ಸಾರಿಗೂ ಫೋಟೋದ ಭಾಗ್ಯ ಬಂದಿರಲಿಲ್ಲ. ಧನಲಕ್ಷ್ಮಿ ರಜೆಯ ದಿನ ಒಲೆಯ ಹತ್ತಿರ ಹೋದರೆ, "ನೀನು ಕೂತ್ಕ, ದಣಿದು ಬಂದಿದ್ದೀಯ," ಎಂದು ಅವನೇ ಎಬ್ಬಿಸುತ್ತಿದ್ದ. ಒಳ್ಳೆಯ ಮಾತೇ. ಆದರೆ ಅವಳಿಗೆ ಅದು ಬಸ್ಸಿನಲ್ಲಿ ತನ್ನ ಸೀಟಿನಿಂದ ಎಬ್ಬಿಸಿದ ಹಾಗೆ ಕೇಳಿಸುತ್ತಿತ್ತು.

ಕಂಪನಿಯಲ್ಲೂ ನೆಮ್ಮದಿಯಿಲ್ಲ. ಊಟದ ಹೊತ್ತಿಗೆ ಪಕ್ಕ ಕೂರುವ ವನಿತಾ ಒಂದು ದಿನ ಇವಳ ಟಿಫನ್ ಬಾಕ್ಸಿಗೆ ಕೈ ಹಾಕಿ, ಒಂದು ತುತ್ತು ಬಾಯಿಗಿಟ್ಟು ಕಣ್ಣರಳಿಸಿದಳು. ಸುಟ್ಟ ಬದನೆಕಾಯಿಯನ್ನು ಹಿಸುಕಿ, ಹುರಿದ ಕಡಲೆಕಾಯಿಯ ಪುಡಿ, ಹಸಿ ಈರುಳ್ಳಿ, ಚೂರು ಹುಣಸೆರಸ ಬೆರೆಸಿ ಮಾಡಿದ ಗೊಜ್ಜು ಅದು.

"ಅಕ್ಕಾ, ಸೂಪರಾ ಇರುಕ್ಕು! ನೀನೇ ಮಾಡಿದ್ದಾ?"

"ಊಂ, ಮತ್ಯಾರು ಮಾಡ್ತಾರೆ?" ಎಂದುಬಿಟ್ಟಳು ಧನಲಕ್ಷ್ಮಿ.

"ಎಂಗೆ ಮಾಡದು ಏಳಕ್ಕ. ಕಡಲೆಕಾಯಿ ಸಿಪ್ಪೆ ತೆಗೀಬೇಕಾ, ಬ್ಯಾಡ್ವಾ?"

ಧನಲಕ್ಷ್ಮಿಗೆ ಗೊತ್ತಿರಲಿಲ್ಲ. "ನಾಳೆ ಏಳ್ತೀನಿ" ಎಂದು ಬಾಕ್ಸ್ ಮುಚ್ಚಿದಳು. ಆ ಸಂಜೆ ಬೇರೇನೋ ಮಾತಾಡುತ್ತಿರುವವಳಂತೆ ಗಂಡನನ್ನು ಕೇಳಿದಳು. ಅವನು ಸಿಪ್ಪೆಯ ವಿಷಯ ಹೇಳಿ ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಇದು ತಾರಮಂಗಲದ ಮಂಜುಳಮ್ಮ ಏಳ್ಕೊಟ್ಟಿದ್ದು," ಎಂದ ಮುನಿಸ್ವಾಮಿ. ಅವನ ಮುಖ ಅರಳಿತ್ತು. "ಅಲ್ಲೊಂದು ಮೆಸ್ ಮಡಗವ್ಳೆ. ನಮ್ ಮಾತೇ ಆಡ್ತಾಳೆ. ಆ ಕಡೆ ಲೋಡಿಗೋದ್ರೆ ಅಲ್ಲೇ ಊಟ. ಏನ್ ಕೈ ಅಂತೀಯಾ! 'ಬಾಪ್ಪ, ಏನ್ ಬೇಕು' ಅಂತ ಕೇಳಿ ಕೇಳಿ ಇಕ್ಕೋಳು."

ಅಲ್ಲಿಯ ತನಕ ಹೊಟ್ಟೆಕಿಚ್ಚು ಹೊಗೆಯಾಡುತ್ತಿತ್ತು. ಈಗ ಉರಿ ಹಿಡಿಯಿತು. ಹೆಂಡತಿ ಬೇಯಿಸಿದ್ದಕ್ಕೆ ಒಂದು ಮಾತೂ ಹೊರಡದ ಬಾಯಲ್ಲಿ ಯಾರೋ ಹೆಂಗಸಿನ ಕೈಯ ಹೊಗಳಿಕೆ! ತಾನು ಕೇಳಿ ಕೇಳಿ ಇಕ್ಕಲಿಲ್ಲವೇ? ಕೇಳಿರಲಿಲ್ಲ, ನಿಜ. ಗಂಡನಿಗೆ ಏನು ಬೇಕೆಂದು ಕೇಳುವುದೊಂದು ಇದೆ ಅನ್ನುವುದೇ ಅವಳಿಗೆ ಹೊಳೆದಿರಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಅಂದಿನಿಂದ ಅವನು ಏನು ಮಾಡಿಟ್ಟರೂ ಅದರಲ್ಲಿ ಮಂಜುಳಮ್ಮ ಕಾಣಿಸತೊಡಗಿದಳು. ಕರಿಬೇವಿನ ಎಲೆಯಲ್ಲಿ ಅವಳ ಮಲ್ಲಿಗೆ, ಮಜ್ಜಿಗೆಯಲ್ಲಿ ಅವಳ ನಗು. ತೆಳ್ಳಗಿದ್ದಾಳೋ, ಬೆಳ್ಳಗಿದ್ದಾಳೋ? ಗಂಡನಿದ್ದಾನೋ, ಇಲ್ಲವೋ? ಮಾವಿನಹಣ್ಣಿನ ತೊಟ್ಟು ತೆಗೆಯುತ್ತಾ ತೆಗೆಯುತ್ತಾ ಇದೇ ಯೋಚನೆ.

ಭಾನುವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಒಳ್ಳೆಯ ಸೀರೆ ಉಟ್ಟಳು. "ಕೈಲಾಸನಾಥರ ಕೋವಿಲ್‌ಗೆ ಓಗ್ಬತ್ತೀನಿ. ನಿಮ್ಮ ಕಾಲಿಗೆ ಹರಕೆ ಐತೆ," ಎಂದು ಗಂಡನಿಗೆ ಹೇಳಿ ಬಸ್ ಹತ್ತಿದಳು. ಧರ್ಮಪುರಿಯಲ್ಲಿ ಬಸ್ ಬದಲಾಯಿಸಿ, ಓಮಲೂರಿನಲ್ಲಿ ಮತ್ತೊಂದನ್ನು ಹತ್ತಿ, ತಾರಮಂಗಲದಲ್ಲಿ ಇಳಿದಾಗ ದೇವಸ್ಥಾನದ ಗೋಪುರ ಎದುರಿಗೇ ಕಾಣುತ್ತಿತ್ತು. ಅದಕ್ಕೆ ಇದ್ದಲ್ಲಿಂದಲೇ ಕೈಮುಗಿದು, ಹೂವಿನ ಅಂಗಡಿಯವನ ಹತ್ತಿರ ಮೆಸ್‌ನ ದಾರಿ ಕೇಳಿದಳು.

ಮೆಸ್ ಅಂದರೆ ಶೀಟು ಹೊದಿಸಿದ ಉದ್ದನೆಯ ಒಂದು ಕೋಣೆ. ಗಲ್ಲಾದ ಪಕ್ಕದಲ್ಲೇ ದೋಸೆಕಲ್ಲು. ಅದರ ಹಿಂದೆ ನಿಂತಿದ್ದ ಹೆಂಗಸಿಗೆ ಹೆಚ್ಚುಕಡಿಮೆ ಧನಲಕ್ಷ್ಮಿಯದೇ ವಯಸ್ಸು. ತಲೆಯಲ್ಲಿ ಮಲ್ಲಿಗೆ ನಿಜವಾಗಿಯೂ ಇತ್ತು. ಅವಳ ಕೈ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಬಂದವರನ್ನೆಲ್ಲ ತಮಿಳಿನಲ್ಲಿ ಗದರುತ್ತಿದ್ದಳು, ಒಳಗಿನ ಆಳಿಗೆ ಕನ್ನಡದಲ್ಲಿ ಕೂಗುತ್ತಿದ್ದಳು. ಧನಲಕ್ಷ್ಮಿ ಮೂಲೆಯ ಬೆಂಚಿನಲ್ಲಿ ಕೂತು ಊಟ ಹೇಳಿದಳು. ಸಾಂಬಾರು, ಪೊರಿಯಲ್ ಅನ್ನುವ ಪಲ್ಯ, ರಸ ಬಂತು. ಹುಡುಕಿ ಹುಡುಕಿ ತಪ್ಪು ಹಿಡಿಯಬೇಕೆಂದು ಬಂದವಳಿಗೆ ಕಷ್ಟವೇ ಆಗಲಿಲ್ಲ. ಊಟ ಸಪ್ಪೆಯಾಗಿತ್ತು. ಮನೆಯಲ್ಲಿ ಗಂಡ ಮಾಡುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಜನ ಕರಗಿದ ಮೇಲೆ ಹತ್ತಿರ ಹೋದಳು. "ಅಕ್ಕಾ, ಬದನೆಕಾಯಿ ಗೊಜ್ಜು ಮಾಡ್ತೀರಂತೆ, ಕಡಲೆಕಾಯಿ ಪುಡಿ ಆಕಿ?"

"ಅಯ್ಯೋ, ನಮ್ ಮಾತಾ ನಿಂದು?" ಎಂದು ಮಂಜುಳಮ್ಮ ಮುಖ ಎತ್ತಿದಳು. "ಅದನ್ನ ಬುಟ್ಟು ಎಷ್ಟು ಕಾಲ ಆಯ್ತಮ್ಮ! ಯಾರ್ ತಿಂತಾರೆ? ಈಗ ಎಲ್ರಿಗೂ ಪರೋಟಾನೇ ಬೇಕು. ನಿಂಗ್ಯಾರು ಏಳಿದ್ರು?"

"ನಮ್ಮನೇವ್ರು. ಕಾರಿಮಂಗಲದ ಮುನಿಸ್ವಾಮಿ ಅಂತ. ಲಾರಿ ಡ್ರೈವರು."

ಈಗ ಅವಳ ಮುಖದಲ್ಲಿ ಏನು ಕಾಣುತ್ತದೆಂದು ಧನಲಕ್ಷ್ಮಿ ನೋಡಿದಳು. ಏನೂ ಕಾಣಲಿಲ್ಲ.

"ಯಾವ ಮುನಿಸ್ವಾಮಿ? ಡ್ರೈವರ್‌ಗಳು ಎಷ್ಟೋ ಜನ ಬತ್ತಾರೆ, ಓಗ್ತಾರೆ."

ಧನಲಕ್ಷ್ಮಿ ಫೋನ್ ತೆಗೆದು ಫೋಟೋ ತೋರಿಸಿದಳು. ಮಂಜುಳಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. "ನೆಪ್ಪಿಲ್ಲಮ್ಮ. ಯಾಕೆ, ಇಲ್ಲೇನಾದ್ರೂ ಸಾಮಾನು ಬುಟ್ಟೋಗಿದ್ರಾ?"

ಧನಲಕ್ಷ್ಮಿಗೆ ಹಗುರವಾಗಬೇಕಿತ್ತು. ಅರೆಗಳಿಗೆ ಆಯಿತು ಕೂಡ. ಅದರ ಹಿಂದೆಯೇ ಎಲ್ಲಿಂದಲೋ ಬೇರೊಂದು ಸಿಟ್ಟು ನುಗ್ಗಿ ಬಂತು. ನೆಪ್ಪಿಲ್ಲವೇ? ಇವಳ ಒಂದು ಗೊಜ್ಜನ್ನು ಇಷ್ಟು ವರ್ಷ ನಾಲಿಗೆಯ ಮೇಲೆ ಇಟ್ಟುಕೊಂಡು ತಿರುಗಿದ ಮನುಷ್ಯನ ಮುಖ ನೆಪ್ಪಿಲ್ಲವೇ?

"ಸಾಮಾನೇನೂ ಇಲ್ಲ," ಎಂದಳು ಗಟ್ಟಿಯಾಗಿ. "ಆ ಗೊಜ್ಜು ಈಗ ನಮ್ಮನೇವ್ರು ಮಾಡ್ತಾರೆ. ಇದ್ದಿಲಲ್ಲಿ ಸುಟ್ಟು, ಕೈಯಾಗೆ ಹಿಸುಕಿ. ಕಂಪನಿ ಹೆಂಗಸರೆಲ್ಲ ಬೆರಳು ಚೀಪ್ತಾರೆ. ನೀವು ಒಂದ್ ದಿವ್ಸ ಬಂದು ತಿನ್ನಿ, ಗೊತ್ತಾಯ್ತದೆ."

ಮಂಜುಳಮ್ಮ ಬೆರಗಾಗಿ, "ಗಂಡಸರು ಮನೇಲಿ ಅಡಿಗೆ ಮಾಡ್ತಾರಾ? ಪುಣ್ಯವಂತೆ ಬುಡು ನೀನು," ಎಂದು ನಕ್ಕು ಮತ್ತೆ ದೋಸೆಕಲ್ಲಿನ ಕಡೆ ತಿರುಗಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಸಿಟ್ಟು ಇಳಿಯಿತು. ಹೊಟ್ಟೆಕಿಚ್ಚು ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು. ಅವನಿಗೆ ಹೇಳಬೇಕು, 'ನಿಮ್ಮ ಮಂಜುಳಮ್ಮನಿಗೆ ನೀವು ಯಾರು ಅಂತಾನೇ ತಿಳೀದು' ಅಂತ. ಆ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಬೆಲ್ಲದ ಚೂರಿನಂತೆ ಇಟ್ಟುಕೊಂಡೇ ಬಂದಳು.

ಮನೆ ಸೇರಿದಾಗ ಇನ್ನೂ ಬಿಸಿಲಿತ್ತು. ಮುನಿಸ್ವಾಮಿ ಜಗಲಿಯಲ್ಲಿ ಕಾಲು ಚಾಚಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ.

"ಪ್ರಸಾದ ಎಲ್ಲಿ?"

"ಕೋವಿಲ್ ಒಳಗೆ ಓಗ್ಲಿಲ್ಲ. ಆ ಮಂಜುಳಮ್ಮನ ಮೆಸ್‌ಗೆ ಓಗಿದ್ದೆ."

ಅವನು ಬಯ್ಯುತ್ತಾನೆ, ಇಲ್ಲ ತಡವರಿಸುತ್ತಾನೆ ಎಂದುಕೊಂಡಿದ್ದಳು. ಅವನು ಸುಲಿಯುವುದನ್ನು ನಿಲ್ಲಿಸಿ ಹುಡುಗನ ಹಾಗೆ ಮುಂದಕ್ಕೆ ಬಾಗಿದ. "ಎಂಗವ್ಳೆ? ನನ್ ಕೇಳಿದ್ಲಾ?"

"ನೀವು ಯಾರು ಅಂತಾನೇ ಅವ್ಳಿಗೆ ನೆಪ್ಪಿಲ್ಲ. ಫೋಟೋ ತೋರಿಸ್ದೆ. ಊಂಹೂಂ."

"ಅಂಗಾ," ಎಂದ. ಕಡಲೆಕಾಯಿಯ ಕಡೆ ನೋಡಿದ. ಒಂದನ್ನು ಕೈಗೆತ್ತಿಕೊಂಡು ಸುಮ್ಮನೆ ತಿರುಗಿಸಿದ.

ಬೆಲ್ಲದ ಚೂರು ಕಹಿಯಾಯಿತು. ಧನಲಕ್ಷ್ಮಿ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತಳು. ತಾನೂ ಒಂದು ಹಿಡಿ ಎತ್ತಿಕೊಂಡು ಸುಲಿಯತೊಡಗಿದಳು. ಆಮೇಲೆ ಅವಳೇ ಕೇಳಿದಳು, "ಅವಳ ಕೈ ಅಷ್ಟು ಇಷ್ಟ ಆಗಿತ್ತಾ ನಿಮ್ಗೆ?"

"ಕೈ ಏನ್ ಬಂತು ಧನ," ಎಂದ ಅವನು. "ಏನ್ ಬೇಕು ಅಂತ ಕೇಳೋಳು, ಅಷ್ಟೇ. ನಾನು ಮನೇಗ್ ಬಂದ್ರೆ ನೀನು, ಅಮ್ಮ, ವಾಣಿ ಮೂರೂ ಜನ ಅಡಿಗೆ ಮನೇಲಿ ಸೇರ್ಕಂಡು ನಗಾಡ್ತಿದ್ರಿ. ನಾನು ಒಳಕ್ ಕಾಲಿಟ್ರೆ ಎಲ್ಲಾ ಗಪ್‌ಚಿಪ್. ತಟ್ಟೆ ಇಕ್ಕಿ, ನೆಂಟರು ಬಂದಂಗೆ ಆಚೆ ನಿಂತ್ಕಂತಿದ್ರಿ. ನಂಗೆ ಒಟ್ಟೆ ಉರೀತಿತ್ತು. ಅದೇನ್ ನಗಾಡ್ತಾರೋ, ನಾನ್ ಬಂದ್ ತಕ್ಷಣ ಅದೆಲ್ಲೋಯ್ತದೋ ಅಂತ. ಕಾಲು ಮುರ್ದಾಗ ಒಳಗೊಳಗೆ ಖುಷೀನೂ ಆಯ್ತು."

ಧನಲಕ್ಷ್ಮಿ ಸುಲಿಯುವುದನ್ನು ಬಿಟ್ಟು ಅವನ ಕಡೆ ತಿರುಗಿದಳು. ಇಷ್ಟು ವರ್ಷ ಈ ಮನುಷ್ಯನೂ ಉರಿದುಕೊಂಡಿದ್ದನೇ? ಅದೂ ತನ್ನ ಮೇಲೆ?

"ನಂಗೂ ಉರೀತಾ ಐತೆ," ಎಂದಳು. "ನೀವು ಒಲೆ ಮುಂದೆ ಕೂತಾಗಿಂದ. ನಿಮ್ಮಮ್ಮ ನಿಮ್ಮನ್ನ ಊರಿಗೆಲ್ಲ ಹೊಗಳ್ತಾರೆ. ನಾನು ಇಷ್ಟು ವರ್ಷ ಬೇಯ್ಸಿದ್ದು ಎಲ್ಲೋಯ್ತು?"

ಮುನಿಸ್ವಾಮಿ ಗೋಡೆ ಹಿಡಿದು ಮೇಲೆದ್ದು, ಕುಂಟುತ್ತಾ ಒಳಗೆ ಹೋಗಿ, ಒದ್ದೆ ಬಟ್ಟೆಯಲ್ಲಿ ಬಾಗಿಲ ಹಿಂಬದಿಯ ಗುರುವಾರವನ್ನೂ ಭಾನುವಾರವನ್ನೂ ಒರೆಸಿಹಾಕಿದ. "ಇವೆರಡು ನಿಂದು. ಏನ್ ಮಾಡ್ತೀಯೋ ನೀನೇ ಬರಿ."

"ಬರಿಯಾಕಿಲ್ಲ ನಾನು," ಎಂದಳು ಧನಲಕ್ಷ್ಮಿ. "ಬೆಳಿಗ್ಗೆ ಎದ್ದಾಗ ಮನಸ್ಸಿಗೆ ಬಂದದ್ದು ಮಾಡದು ನಾನು."

ಹಾಗೆಂದು ಉರಿ ಆರಿಹೋಯಿತು ಅನ್ನುವಂತಿರಲಿಲ್ಲ. ಅವಳ ಗುರುವಾರಕ್ಕೂ ಅವನ ಶುಕ್ರವಾರಕ್ಕೂ ಪೈಪೋಟಿ ಬಿತ್ತು. ಅವಳು ಸೊಪ್ಪಿನ ಬಸ್ಸಾರು ಮಾಡಿದರೆ ಅವನು ಮರುದಿನವೇ ಬೇಕೆಂದು ಅದನ್ನು ಮೀರಿಸುವಂಥದ್ದು ಮಾಡುತ್ತಿದ್ದ. ಗಂಗಲಕ್ಷ್ಮಮ್ಮ ಎರಡೂ ದಿನ ಹೊಟ್ಟೆ ತುಂಬ ಉಂಡು, ಯಾವುದು ಮೇಲು ಅಂತ ಕೇಳಿದರೆ ಕಿವಿ ಕೇಳದವರಂತೆ ಎದ್ದು ಹೋಗುತ್ತಿದ್ದರು. ವನಿತಾ ಮತ್ತೊಮ್ಮೆ ಬಾಕ್ಸಿಗೆ ಕೈ ಹಾಕಿದಾಗ ಧನಲಕ್ಷ್ಮಿ ಇದು ಗಂಡ ಮಾಡಿದ್ದು ಎಂದೇ ಹೇಳಿದಳು. ಆದರೆ, "ಉಪ್ಪು ನಾನು ಸರಿಮಾಡ್ದೆ," ಎಂದು ಸೇರಿಸುವುದನ್ನು ಮರೆಯಲಿಲ್ಲ.

ಐಪ್ಪಸಿ ತಿಂಗಳ ಮಳೆ ನಿಂತ ಮೇಲೆ ಡಾಕ್ಟರು ಒಪ್ಪಿದರು. ಲಾರಿ ಯಜಮಾನ ಕರೆಸಿಕೊಂಡ. ಮೊದಲ ಟ್ರಿಪ್ ಹೊರಟು ಎರಡನೆಯ ಸಂಜೆ ಅವನ ಫೋನ್ ಬಂತು. ಹಿಂದೆ ಗಂಡಸರ ಗದ್ದಲ ಕೇಳಿಸುತ್ತಿತ್ತು.

"ಧನ, ಸಾಮೆ ಉಪ್ಪಿಟ್ಟು ಮಾಡ್ದೆ. ನಾಲ್ಕು ಗಾಡಿಯವ್ರು ಸೇರ್ಕಂಡು ತಿಂತಾವ್ರೆ. ಇನ್ನೂ ಬೇಕು ಅಂತಾವ್ರೆ!"

ಧನಲಕ್ಷ್ಮಿ ಸೌಟು ಹಿಡಿದುಕೊಂಡೇ ನಿಂತಳು. "ಅವ್ರಿಗ್ಯಾಕೆ ಮಾಡಾಕ್ತೀರಾ ಅಷ್ಟೊಂದು?" ಎಂದಳು. "ನಮ್ಗೆ ಒಂದ್ ದಿನಾನೂ ಮಾಡ್ಲಿಲ್ಲ ಅದನ್ನ."

"ಉರೀತೈತಾ?"

"ಊಂ, ಉರೀತೈತೆ. ಬೇಗ ಬನ್ನಿ," ಎಂದು ಅವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಸಾರು ಉಕ್ಕದಂತೆ ಒಲೆಯ ಉರಿ ಸಣ್ಣದು ಮಾಡಿದಳು.